ಮೇಡಂ ಮನೇಲಿ ಇದ್ದಾರಾ?

ಆ ಮನೆಯೊಳಕ್ಕೆ ಬಂದ ಕಾಗದ ಯಾವುದೂ ಕಸದ ಬುಟ್ಟಿ ಕಂಡದ್ದಿಲ್ಲ. ಹಳೇ ಕ್ಯಾಲೆಂಡರಿನ ಹಾಳೆ, ಕರೆಂಟ್ ಬಿಲ್ಲು, ಯಾರದೋ ಮದುವೆಯ ಕರೆಯೋಲೆ, ಎಲ್ಲವೂ ಹೊಲಿಗೆ ಯಂತ್ರದ ಕೆಳಗಿನ ತಗಡಿನ ಡಬ್ಬಿಗೆ ಹೋಗಬೇಕು. ಅಲ್ಲಿಂದ ತೋಳೋ, ಜೇಬೋ, ಕಾಲರೋ ಆಗಿ ಕತ್ತರಿಸಿಕೊಂಡು ಹೊರಗೆ ಬರಬೇಕು. ನಲವತ್ತು ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದ ಟೈಲರಪ್ಪ ಮಾದರಿ ಕತ್ತರಿಸಲು ದುಡ್ಡು ಕೊಟ್ಟು ಕಾಗದ ತಂದವನೇ ಅಲ್ಲ. ಹಾಗಾಗಿ ಮೊಬೈಲ್ ಬಾಕಿ ವಸೂಲಿ ಮಾಡುವ ಕಂಪನಿಯ ಮೊದಲ ಪತ್ರ ಬಂದಾಗಲೂ ಅವನು ಹಿಂದೆ ಮುಂದೆ ನೋಡದೆ ಅದನ್ನು ಡಬ್ಬಿಗೆ ಹಾಕಿದ. ಎರಡನೆಯ ಪತ್ರವನ್ನು ಕತ್ತರಿಗೆ ಕೊಡುವ ಹೊತ್ತಿಗೆ ಅದರ ಮೇಲೆ ಮಗಳ ಹೆಸರು ಕಂಡಿತು. ಕೈ ಅಲ್ಲೇ ನಿಂತಿತು.

ಮಗಳು ತೀರಿಕೊಂಡು ಆಗ ಎರಡು ತಿಂಗಳಾಗಿತ್ತು. ಇಪ್ಪತ್ತಾರು ವರ್ಷದ ಹೆಣ್ಣು. ಮನೆಗೂ ಬೀದಿಗೂ ಅವಳು ಗುಬ್ಬಿ. ಔಷಧದ ಅಂಗಡಿಯಲ್ಲಿ ಬಿಲ್ ಹಾಕುವ ಕೆಲಸ ಮಾಡುತ್ತಿದ್ದಳು, ರಸೀತಿ ಇಲ್ಲದೆ ಒಂದು ಬೆಂಕಿಪೊಟ್ಟಣವನ್ನೂ ಮನೆಗೆ ತಂದವಳಲ್ಲ. ಅಂಥವಳಿಗೆ ಎರಡೂ ಕಿಡ್ನಿ ಕೈಕೊಟ್ಟವು. ಕೊನೆಯ ಸಲ ಆಸ್ಪತ್ರೆಗೆ ಸೇರುವ ಹಿಂದಿನ ದಿನ, ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಊರೆಲ್ಲ ಓಡಾಡಿದಳು. ಗ್ರಂಥಾಲಯದ ಪುಸ್ತಕ ಹಿಂತಿರುಗಿಸಿದಳು. ಅಂಗಡಿಯ ಸಮವಸ್ತ್ರವನ್ನು ಒಗೆದು ಇಸ್ತ್ರಿ ಮಾಡಿ ಕೊಟ್ಟುಬಂದಳು. ಸಾಯಂಕಾಲ ಬಂದು ಅಪ್ಪನ ಮುಂದೆ ಒಂದು ದಪ್ಪ ಕಾಗದ ಹಿಡಿದಳು.

"ಅಪ್ಪಾ, ಮೊಬೈಲಿನ ಕರಾರು ರದ್ದು ಮಾಡಿಸಿ ಬಂದೆ. ಇನ್ನೂ ಒಂದು ವರ್ಷ ಇತ್ತು. ಫೋನೂ ವಾಪಸ್ ಕೊಟ್ಟೆ. ಇದು ರಸೀತಿ. ಸೀಲ್ ಹಾಕಿದ್ದಾರೆ, ನೋಡಿ. ಜೋಪಾನ. ನಿಮ್ಮ ಡಬ್ಬಿಗೆ ಹಾಕ್ಬೇಡಿ ಮತ್ತೆ."

"ನನಗೆ ಅಷ್ಟೂ ಗೊತ್ತಾಗಲ್ವೇನೇ?"

"ನಿಮಗೆ ಎಲ್ಲಾ ಗೊತ್ತಾಗತ್ತೆ. ಕಾಗದ ಕಂಡ್ರೆ ಮಾತ್ರ ಕೈ ಸುಮ್ನಿರಲ್ಲ," ಎಂದು ನಕ್ಕಿದ್ದಳು. ಆಮೇಲೆ ಕುರ್ಚಿಯ ಮೇಲೆ ಕೂತು, ಉಸಿರು ತೆಗೆದುಕೊಂಡು, "ಯಾರಿಗೂ ನನ್ನಿಂದ ಒಂದು ಕಾಸು ಬಾಕಿ ಇಲ್ಲ. ಎಲ್ಲಾ ಮುಗಿಸಿ ಬಂದಿದ್ದೀನಿ ಅಪ್ಪಾ," ಎಂದಿದ್ದಳು.

ಟೈಲರಪ್ಪ ಕಾಗದವನ್ನು ಸೀಮೆಸುಣ್ಣದ ಡಬ್ಬಿಯ ಕೆಳಗೆ ಇಟ್ಟದ್ದೂ ನಿಜ, ಅದರ ನೇರಳೆ ಬಣ್ಣದ ಸೀಲನ್ನು ಕಣ್ಣಾರೆ ಕಂಡದ್ದೂ ನಿಜ. ಈಗ ನೋಡಿದರೆ ಈ ಪತ್ರ ಬೇರೆಯೇ ರಾಗ ಹಾಡುತ್ತಿತ್ತು. ಕರಾರು ರದ್ದಾಗಿಲ್ಲ, ಗ್ರಾಹಕರು ಬೇಕೆಂದೇ ಬಾಕಿ ಉಳಿಸಿಕೊಂಡಿದ್ದಾರೆ, ಬಡ್ಡಿ, ದಂಡ ಎಲ್ಲ ಸೇರಿಸಿ ಹದಿನೈದು ದಿನದಲ್ಲಿ ಕಟ್ಟತಕ್ಕದ್ದು.

"ಬೇಕೆಂದೇ ಅಂತೆ!" ಅವನು ಊಟಕ್ಕೆ ಕೂತವನು ತಟ್ಟೆ ಪಕ್ಕಕ್ಕೆ ಸರಿಸಿದ. "ನನ್ನ ಮಗಳನ್ನ ಮೋಸಗಾರ್ತಿ ಅಂತ ಬರೆದಿದ್ದಾರೆ. ಇವರ ಕೈಗೆ ಲಕ್ವ ಹೊಡೀಲಿ."

ಮಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಉಗುರಿನ ಸಂದಿಯ ಗ್ರೀಸನ್ನು ಬೆಂಕಿಕಡ್ಡಿಯಿಂದ ತೆಗೆಯುತ್ತಾ ಕೇಳಿಸಿಕೊಂಡ. "ಅದಕ್ಕೆ ಯಾಕಪ್ಪಾ ಇಷ್ಟು ರಂಪ? ಡೆತ್ ಸರ್ಟಿಫಿಕೇಟ್ ಇದೆಯಲ್ಲ, ಒಂದು ಪ್ರತಿ ಕಳಿಸಿ. ಮನ್ನಾ ಮಾಡ್ತಾರೆ."

"ಮನ್ನಾ ಅಂದ್ರೆ ಏನರ್ಥ?"

"ಬಿಟ್ಟುಬಿಡ್ತಾರೆ ಅಂತ."

"ಕೊಡಬೇಕಾಗಿತ್ತು, ಸತ್ತುಹೋದ್ಲು ಪಾಪ, ಬಿಟ್ಟುಬಿಟ್ವಿ ಅಂತ ತಾನೆ? ಅವಳು ಕೊಡಬೇಕಾಗಿರಲಿಲ್ಲ ಕಣೋ. ಅವಳು ರದ್ದು ಮಾಡಿಸಿ ಬಂದಿದ್ದಳು. ಹಾಗಂತ ಅವರು ಬರೆದು ಕೊಡಲಿ. ಮನ್ನಾ ಯಾವನಿಗೆ ಬೇಕು?"

"ಹಾಗಾದ್ರೆ ಆ ರಸೀತಿ ಕೊಡಿ."

ಟೈಲರಪ್ಪ ಸರಿಸಿದ್ದ ತಟ್ಟೆಯನ್ನು ಮತ್ತೆ ಮುಂದಕ್ಕೆ ಎಳೆದುಕೊಂಡ. ಸೀಮೆಸುಣ್ಣದ ಡಬ್ಬಿಯ ಕೆಳಗೆ ರಸೀತಿ ಇರಲಿಲ್ಲ. ಬೆಳಿಗ್ಗೆಯೇ ನೋಡಿಯಾಗಿತ್ತು.

ಮರುದಿನದಿಂದ ಹುಡುಕಾಟ ಶುರುವಾಯಿತು. ಡಬ್ಬಿಯನ್ನು ಮಗುಚಿ ನಲವತ್ತು ವರ್ಷದ ತೋಳು, ಜೇಬುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದ. ಸೊಸೆ ಹಾಸಿಗೆಯ ಕೆಳಗೆ, ಬೀರುವಿನ ಹಿಂದೆ, ಅಕ್ಕಿ ಡಬ್ಬದ ಅಡಿಯಲ್ಲಿ ಹಾಸಿದ ಪೇಪರಿನಲ್ಲೂ ನೋಡಿದಳು. "ಮಾವಾ, ಇನ್ನು ಗೋಡೆ ಒಡೆದು ನೋಡೋದೊಂದು ಬಾಕಿ," ಎಂದಳು ಪಾಪ, ಸೊಂಟ ಹಿಡಿದುಕೊಂಡು. ಅವಳದು ಹೋಟೆಲಿನ ಲಾಂಡ್ರಿಯಲ್ಲಿ ಕೆಲಸ. ಬೆಳಿಗ್ಗೆ ಏಳಕ್ಕೆ ಹೋದರೆ ಮೂರಕ್ಕೆ ಬರುವವಳು. ಮಗ ಡಿಪೋಗೆ, ಟೈಲರಪ್ಪ ಬೀದಿ ಕೊನೆಯ ಅಂಗಡಿಗೆ. ಹಗಲಿಡೀ ಮನೆಯಲ್ಲಿ ಇರುವವಳು ಟೈಲರಪ್ಪನ ಹೆಂಡತಿ ಒಬ್ಬಳೇ.

ಹುಡುಕಾಟಕ್ಕೆ ಅವಳು ಮಾತ್ರ ಕೈಹಾಕಲಿಲ್ಲ. "ಸಿಕ್ಕಿದಾಗ ಸಿಗತ್ತೆ ಬಿಡ್ರೀ," ಎನ್ನುವಳು. ಟೈಲರಪ್ಪನಿಗೆ ಒಳಗೊಳಗೇ ಸ್ವಲ್ಪ ಸಮಾಧಾನ. ಮಗಳು ಹೋದ ಮೊದಲ ವಾರಗಳಲ್ಲಿ ಈ ಹೆಂಗಸು ಗೋಡೆ ಕಡೆ ಮುಖ ಮಾಡಿ ಮಲಗಿದವಳು ಎದ್ದಿರಲಿಲ್ಲ. ಈಗ ತಲೆ ಬಾಚಿಕೊಳ್ಳುತ್ತಾಳೆ. ಹತ್ತೂವರೆಗೆಲ್ಲ ಅಡುಗೆ ಮುಗಿಸಿ ಕೈ ಒರೆಸಿಕೊಂಡು ಕೂರುತ್ತಾಳೆ. ಒಂದು ದಿನ ಮರೆತ ಅಳತೆ ಪಟ್ಟಿಗೆಂದು ಅವನು ಮನೆಗೆ ಬಂದಾಗ, ಅವಳು ತನ್ನ ಹಳೇ ಫೋನನ್ನು ಕಿವಿಯಿಂದ ಇಳಿಸುತ್ತಿದ್ದಳು. ಮುಖದಲ್ಲಿ ಒಂದು ಕಳೆ ಇತ್ತು.

"ಯಾರೇ ಅದು?"

"ಯಾರೋ. ನಂಬರ್ ತಪ್ಪಿ ಮಾಡಿದ್ರು," ಎಂದು ಅಡುಗೆಮನೆಗೆ ಹೋದಳು. ಪರವಾಗಿಲ್ಲ, ಸುಧಾರಿಸುತ್ತಿದ್ದಾಳೆ ಎಂದುಕೊಂಡು ಅವನು ಅಳತೆ ಪಟ್ಟಿಯನ್ನು ಕುತ್ತಿಗೆಗೆ ಹಾಕಿಕೊಂಡು ಹೋದ.

ಕಂಪನಿಗೆ ಅವನು ಕೈಬರಹದಲ್ಲಿ ಪತ್ರ ಬರೆದ. 'ನನ್ನ ಮಗಳು ಖುದ್ದಾಗಿ ಹೋಗಿ ಕರಾರು ರದ್ದು ಮಾಡಿಸಿದ್ದಾಳೆ. ಮೊಬೈಲ್ ಕಂಪನಿಯವರು ಕೊಟ್ಟ ರಸೀತಿಯನ್ನು ನಾನೇ ನೋಡಿದ್ದೇನೆ. ಆದ್ದರಿಂದ ನಿಮ್ಮ ಬೇಡಿಕೆಯನ್ನು ಒಪ್ಪುವುದಿಲ್ಲ.' ಅವಳು ಈಗಿಲ್ಲ ಎಂದು ಬರೆಯಲು ಎರಡು ಸಲ ಹೊರಟ. ಪೆನ್ನು ಮುಂದಕ್ಕೆ ಹೋಗಲಿಲ್ಲ. ಅದಕ್ಕೆ ಉತ್ತರ ಬರುವ ಬದಲು ಮೂರನೆಯ ಪತ್ರ ಬಂತು, ಕೆಂಪು ಅಕ್ಷರದಲ್ಲಿ.

ಆ ವಾರವೇ ಮಗನಿಗೂ ಬಿಸಿ ಮುಟ್ಟಿತು. ಡಿಪೋದ ಕೆಲಸ ಬಿಟ್ಟು ಸ್ವಂತಕ್ಕೊಂದು ಸಣ್ಣ ವ್ಯಾನ್ ಕೊಳ್ಳಬೇಕೆಂದು ಅವನು ಸಾಲಕ್ಕೆ ಅರ್ಜಿ ಹಾಕಿದ್ದ. ಬ್ಯಾಂಕಿನವರು, ಈ ವಿಳಾಸದ ಮೇಲೆ ವಸೂಲಿ ಬಾಕಿ ಇದೆ, ಮೊದಲು ಅದನ್ನು ತೀರಿಸಿಕೊಂಡು ಬನ್ನಿ ಎಂದು ಅರ್ಜಿ ವಾಪಸ್ ಕೊಟ್ಟರು. ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಅವನು ಅಪ್ಪನ ಮುಂದೆ ಅರ್ಜಿ ಎಸೆದ.

"ನಾಳೆ ನಾನೇ ಹೋಗಿ ಕಟ್ಟಿಬಿಡ್ತೀನಿ. ಸಾಕಾಯ್ತು ನನಗೆ."

"ಕಟ್ಟಿದ್ರೆ ಒಪ್ಪಿಕೊಂಡ ಹಾಗೆ. ನಿನ್ನ ತಂಗಿ ಸುಳ್ಳಿ ಅಂತ ನೀನೇ ಸಹಿ ಹಾಕಿದ ಹಾಗೆ."

"ಸುಳ್ಳು ಹೇಳಿರ್ಲೂಬಹುದಪ್ಪಾ!" ಮಗನ ಗಂಟಲು ಏರಿತು. "ರಿಪೋರ್ಟ್ ಚೆನ್ನಾಗಿ ಬಂದಿದೆ ಅಂತ ಹೇಳಿರಲಿಲ್ವಾ? ನಾವೆಲ್ಲ ನಂಬಿ ಸಿಹಿ ತಂದು ತಿನ್ನಲಿಲ್ವಾ? ನಮಗೆ ಸಮಾಧಾನ ಆಗ್ಲಿ ಅಂತ ಹೇಳಿದ್ಲು. ಇದನ್ನೂ ಹಾಗೇ ಹೇಳಿರ್ತಾಳೆ. ರಸೀತಿ ಇದ್ದಿದ್ರೆ ಎಲ್ಲಿಗೆ ಹೋಗತ್ತೆ, ರೆಕ್ಕೆ ಬಂತಾ ಅದಕ್ಕೆ?"

"ರೀ, ಸುಮ್ನಿರಿ ಅಂದ್ರೆ," ಎಂದು ಸೊಸೆ ಗಂಡನ ತೋಳು ಹಿಡಿದೆಳೆದಳು.

"ನಾನು ನೋಡಿದ್ದೀನಿ!" ಟೈಲರಪ್ಪ ಎಂಜಲು ಕೈಯಲ್ಲೇ ಎದ್ದು ನಿಂತ. "ಈ ಕಣ್ಣಿಂದ ನೋಡಿದ್ದೀನಿ. ನೇರಳೆ ಸೀಲು."

"ಕಣ್ಣನ್ನ ಕವರಿಗೆ ಹಾಕಿ ಕಳಿಸೋಕಾಗತ್ತಾ?" ಎಂದ ಮಗ. ಅಂದ ಮೇಲೆ ಅವನಿಗೇ ಕಸಿವಿಸಿಯಾಗಿರಬೇಕು, ತಟ್ಟೆ ಬಿಟ್ಟು ಹೊರಗೆ ಹೋದ. ಟೈಲರಪ್ಪನ ಹೆಂಡತಿ ಮಾತ್ರ ನಾಲ್ಕೂ ತಟ್ಟೆಗಳ ಅನ್ನವನ್ನು ಒಂದಕ್ಕೆ ಸುರಿದುಕೊಳ್ಳುತ್ತಾ ಕೂತಿದ್ದಳು.

ಮಗ ಹೋಗಿ ಹಣ ಕಟ್ಟಲಿಲ್ಲ, ಆದರೆ ಅವನ ಮಾತು ಟೈಲರಪ್ಪನ ಮೂಳೆಗೆ ನಾಟಿತು. ಎರಡು ದಿನ ಅಂಗಡಿಯಲ್ಲಿ ಕೂತರೂ ಕೈ ಓಡಲಿಲ್ಲ. ಹಾಗಾದರೆ ನಾನು ನೋಡಿದ್ದೇನು? ಮುದಿ ಕಣ್ಣಿಗೆ ಭ್ರಮೆಯಾ?

ಮೂರನೆಯ ದಿನ ಒಬ್ಬ ಗಿರಾಕಿಯ ಅಂಗಿ ಕೈಗೆತ್ತಿಕೊಂಡ. ಕಾಲರು ನೆಟ್ಟಗೆ ನಿಲ್ಲಬೇಕಾದರೆ ಒಳಗೆ ಗಟ್ಟಿ ಕ್ಯಾನ್ವಾಸ್ ಬಟ್ಟೆ ಇಟ್ಟು ಹೊಲಿಯಬೇಕು. ಡ್ರಾಯರ್ ಎಳೆದ. ಕ್ಯಾನ್ವಾಸ್ ಮುಗಿದಿತ್ತು. ಆ ಖಾಲಿ ಡ್ರಾಯರನ್ನು ಕಂಡ ಕೂಡಲೇ ಅವನಿಗೆ ಮಗಳು ಹೋದ ದಿನ ನೆನಪಾಯಿತು.

ಆವತ್ತೂ ಕ್ಯಾನ್ವಾಸ್ ಇರಲಿಲ್ಲ. ಬೆಳಿಗ್ಗೆ ಆಸ್ಪತ್ರೆಯಿಂದ ಮಗಳನ್ನು ತಂದು ಮಲಗಿಸಿದ್ದರು. ಮಧ್ಯಾಹ್ನ ಮಣ್ಣಿಗೆ. ಅವಳೇ ಆರಿಸಿ ತಂದಿದ್ದ ನೀಲಿ ಬಟ್ಟೆ ಹೊಲಿಯದೆ ಹಾಗೇ ಉಳಿದಿತ್ತು. ಅದರಲ್ಲೇ ಕಳಿಸುತ್ತೇನೆಂದು ಅವನು ಹಟ ಹಿಡಿದು ಯಂತ್ರದ ಮುಂದೆ ಕೂತ. ಅವಳ ಕುತ್ತಿಗೆಯಲ್ಲಿ ಆಸ್ಪತ್ರೆಯವರು ಕೊಳವೆ ಹಾಕಿದ ಗುರುತು ಇತ್ತು. "ಅಪ್ಪಾ, ಇದಕ್ಕೆ ಎತ್ತರದ ಕಾಲರ್ ಇಡಿ. ಗುರುತು ಯಾರಿಗೂ ಕಾಣಬಾರದು," ಎಂದು ಬಟ್ಟೆ ತಂದ ದಿನವೇ ಹೇಳಿದ್ದಳು. ಕಾಲರು ನಿಲ್ಲಲೇಬೇಕು, ಕ್ಯಾನ್ವಾಸ್ ಇಲ್ಲ, ಹೊತ್ತಿಲ್ಲ. ಕೈಗೆ ಸಿಕ್ಕ ದಪ್ಪ ಕಾಗದವನ್ನು ಎರಡು ಮಡಿಕೆ ಮಾಡಿ, ಕತ್ತರಿಸಿ, ಒಳಗಿಟ್ಟು ಹೊಲಿದುಬಿಟ್ಟ. ಕಾಗದ ಇಟ್ಟ ಬಟ್ಟೆಯನ್ನು ಒಗೆಯುವ ಹಾಗಿಲ್ಲ. ಇದನ್ನು ಯಾರು ಒಗೆಯಬೇಕು? ಸೂಜಿಯ ಕೆಳಗೆ ನೇರಳೆ ಬಣ್ಣದ್ದೇನೋ ಹಾದುಹೋದದ್ದು ಈಗ ಕಣ್ಣಿಗೆ ಕಟ್ಟಿತು. ಆವತ್ತು ಕಣ್ಣೀರಿನಲ್ಲಿ ಅದು ಏನೆಂದು ಹೊಳೆದಿರಲಿಲ್ಲ.

ಟೈಲರಪ್ಪ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ಬಾಯಿಗೆ ಆ ಗಿರಾಕಿಯ ಅಂಗಿಯನ್ನೇ ಒತ್ತಿ ಹಿಡಿದು ಅತ್ತ. ಮಗಳು ಸುಳ್ಳು ಹೇಳಿರಲಿಲ್ಲ. ಅವಳ ಸಾಕ್ಷಿಯನ್ನು ಹೆತ್ತಪ್ಪನೇ ಅವಳ ಕುತ್ತಿಗೆಗೆ ಕಟ್ಟಿ ಹೂತಿದ್ದ.

ಮರುದಿನ ಬೆಳಿಗ್ಗೆ ಮರಣದ ಪ್ರಮಾಣಪತ್ರ ಜೇಬಿನಲ್ಲಿಟ್ಟುಕೊಂಡು, ಮನೆಯಲ್ಲಿ ಯಾರಿಗೂ ಹೇಳದೆ ವಸೂಲಿ ಕಂಪನಿಯ ಕಚೇರಿಗೆ ಹೋದ. ಮೂರನೇ ಮಹಡಿ. ಗಾಜಿನ ಕಿಟಕಿಗಳ ಹಿಂದೆ ಸಾಲಾಗಿ ಕಂಪ್ಯೂಟರು. ಒಂದೂವರೆ ಗಂಟೆ ಕಾದ ಮೇಲೆ ಅವನ ಟೋಕನ್ ಕೂಗಿದರು. ಕಿಟಕಿಯಲ್ಲಿ ಮಗಳು ಗುಬ್ಬಿಯ ವಯಸ್ಸಿನವಳೇ ಒಬ್ಬ ಹುಡುಗಿ.

"ಹೇಳಿ ಅಂಕಲ್."

ಅವನು ಎಲ್ಲವನ್ನೂ ಹೇಳಿದ. ರಸೀತಿ ಎಲ್ಲಿದೆ ಎನ್ನುವುದನ್ನೂ ಹೇಳಿದ. ಹುಡುಗಿ ಕೀಬೋರ್ಡಿನ ಮೇಲಿನ ಕೈ ತೆಗೆದು ಅವನ ಮುಖವನ್ನೇ ನೋಡಿದಳು. ಪ್ರಮಾಣಪತ್ರವನ್ನು ತಿರುಗಿಸಿ ಮುರುಗಿಸಿ ಓದಿದಳು. ಆಮೇಲೆ ಪರದೆಯ ಕಡೆ ತಿರುಗಿ ಹುಬ್ಬು ಗಂಟಿಕ್ಕಿದಳು.

"ಅಂಕಲ್, ತಪ್ಪು ತಿಳೀಬೇಡಿ. ಇದರಲ್ಲಿ ತೀರಿಕೊಂಡು ಮೂರು ತಿಂಗಳಾಯ್ತು ಅಂತಿದೆ. ಆದ್ರೆ ನಮ್ಮ ದಾಖಲೇಲಿ ಅವರು ಮನೇಲೇ ಇದ್ದಾರೆ ಅಂತಿದೆ."

"ಯಾರು ಹೇಳಿದ್ದು?"

"ನಮ್ಮವರು ದಿನಾ ಹನ್ನೊಂದು ಗಂಟೆಗೆ ಫೋನ್ ಮಾಡ್ತಾರೆ. ಅರ್ಜಿಯಲ್ಲಿ ಕೊಟ್ಟಿರೋ ಮನೆ ನಂಬರಿಗೆ. ಮೇಡಂ ಮನೇಲಿ ಇದ್ದಾರಾ ಅಂತ ಕೇಳ್ತಾರೆ. ಅವರ ತಾಯಿ ಮಾತಾಡ್ತಾರೆ. ಏನು ಹೇಳಿದ್ರೋ ಅದನ್ನ ಬರ್ಕೋಬೇಕು." ಅವಳು ದನಿ ತಗ್ಗಿಸಿ ಓದಿದಳು. "ಆರನೇ ತಾರೀಖು, ಗ್ರಾಹಕರು ಸ್ನಾನಕ್ಕೆ ಹೋಗಿದ್ದಾರೆ. ಒಂಬತ್ತು, ಕೆಲಸಕ್ಕೆ ಹೋಗಿದ್ದಾರೆ, ಛತ್ರಿ ಮರೆತಿದ್ದಾರೆ, ನೆನೆದುಕೊಂಡು ಬರ್ತಾರೆ ಅಂತ ತಾಯಿಗೆ ಚಿಂತೆ. ಹದಿಮೂರು, ಮಲಗಿದ್ದಾರೆ, ಈಗ ತಾನೇ ನಿದ್ದೆ ಹತ್ತಿದೆ, ಎಬ್ಬಿಸೋದಿಲ್ಲ ಅಂದ್ರು. ಹದಿನೆಂಟು, ಗೆಳತಿ ಮನೆಗೆ ಹೋಗಿದ್ದಾರೆ. ಇಪ್ಪತ್ತೆರಡು..." ಹುಡುಗಿ ನಿಲ್ಲಿಸಿದಳು.

"ಓದಮ್ಮಾ."

"ಗ್ರಾಹಕರ ಆರೋಗ್ಯ ಈಗ ಚೆನ್ನಾಗಿದೆ. ಎರಡು ಕೆಜಿ ತೂಕ ಬಂದಿದೆ."

ಟೈಲರಪ್ಪ ಕಿಟಕಿಯ ಕಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಬಾಚಿದ ತಲೆ, ಹತ್ತೂವರೆಗೆ ಮುಗಿದ ಅಡುಗೆ, ಮುಖದ ಆ ಕಳೆ, ಎಲ್ಲ ಒಟ್ಟಿಗೇ ನೆನಪಾಯಿತು. ಅಯ್ಯೋ ನನ್ನ ಹುಚ್ಚಿ, ಎಂದುಕೊಂಡ. ಇಷ್ಟು ದಿನ ಒಂದೇ ಹಾಸಿಗೆಯಲ್ಲಿ ಮಲಗಿ ಎದ್ದರೂ ಅವನಿಗೆ ಗೊತ್ತಾಗಿರಲಿಲ್ಲವಲ್ಲ.

ಹುಡುಗಿ ಎರಡು ಅರ್ಜಿ ತಂದಿಟ್ಟಳು. "ನೋಡಿ, ಇದು ಮನ್ನಾದ್ದು. ಸಹಿ ಹಾಕಿದ್ರೆ ಇವತ್ತೇ ಮುಗಿಯತ್ತೆ. ಬಾಕಿ ಇತ್ತು, ಮರಣದ ಕಾರಣ ಬಿಟ್ಟಿದೆ ಅಂತ ಬರ್ಕೋತೀವಿ. ಇದು ತಕರಾರಿನದು. ಮಗಳು ರದ್ದು ಮಾಡಿಸಿದ್ರು ಅಂತಾನೇ ದಾಖಲೆ ತಿದ್ದಬೇಕು ಅಂದ್ರೆ ಇದನ್ನ ಹಾಕಿ. ವಿಚಾರಣೆ ನಡೆಯತ್ತೆ, ಹಳೇ ಪುಸ್ತಕ ತೆಗೆಸ್ತಾರೆ, ಗೆದ್ದರೂ ಗೆಲ್ತೀರಿ. ಆದ್ರೆ..."

"ಆದ್ರೆ?"

"ಅಮ್ಮನ್ನ ಕರೆಸ್ತಾರೆ. ಬದುಕಿದ್ದಾರೆ ಅಂತ ಯಾಕೆ ಸುಳ್ಳು ಹೇಳಿದ್ರಿ ಅಂತ ಕೇಳ್ತಾರೆ. ಆ ಕರೆಗಳನ್ನೆಲ್ಲ ಅವರ ಮುಂದೇನೇ ಹಾಕಿ ಕೇಳಿಸ್ತಾರೆ."

ಮೂರು ವಾರದಿಂದ ಟೈಲರಪ್ಪ ಕಾದಾಡಿದ್ದು ಆ ಎರಡನೆಯ ಅರ್ಜಿಗಾಗಿಯೇ. ಅದಕ್ಕಾಗಿ ಮಗನ ಜೊತೆ ಮಾತು ಬಿಟ್ಟಿದ್ದ, ಊಟ ಬಿಟ್ಟಿದ್ದ. ಅದನ್ನು ಎತ್ತಿಕೊಂಡು ಓದಿದ, ಮೂಲೆ ಸರಿ ಮಾಡಿದ, ಹುಡುಗಿಯ ಕಡೆಗೆ ವಾಪಸ್ ತಳ್ಳಿದ. ಮೊದಲನೆಯದಕ್ಕೆ ಸಹಿ ಹಾಕಿದ. ಹೆಸರು ಗೆರೆಯಿಂದ ಕೆಳಗಿಳಿಯಿತು. ಎಲ್ಲಾ ಮುಗಿಸಿ ಬಂದಿದ್ದೀನಿ ಅಂದಿದ್ದೆಯಲ್ಲ ಕಂದಾ, ನಿನ್ನ ಮಾತು ಉಳಿಸಿಕೊಡಲಿಲ್ಲ ನಾನು. ಕ್ಷಮಿಸು.

"ಇನ್ನು ಫೋನ್ ಬರಲ್ಲ ಅಂಕಲ್," ಎಂದಳು ಹುಡುಗಿ. ಅವಳ ಕಣ್ಣೂ ಒದ್ದೆಯಾಗಿತ್ತು.

ಸಂಜೆ ಊಟಕ್ಕೆ ಎಲ್ಲರೂ ಕೂತಾಗ ಟೈಲರಪ್ಪ ಚುಟುಕಾಗಿ ಹೇಳಿದ. "ಆ ಫೋನಿಂದು ಮುಗೀತು. ಮನ್ನಾ ಬರೆಸಿ ಬಂದೆ."

ಮಗ ಕತ್ತೆತ್ತಿ ನೋಡಿದ. ಗೆದ್ದೆ ಎನ್ನುವ ಮುಖವಿರಲಿಲ್ಲ. "ರಸೀತಿ ಸಿಗಲಿಲ್ವಾ ಅಪ್ಪಾ?"

"ರಸೀತಿ ಇತ್ತು ಕಣೋ. ಅವಳು ಸುಳ್ಳು ಹೇಳಿರಲಿಲ್ಲ. ಅಷ್ಟು ತಿಳ್ಕೋ ಸಾಕು."

ಹೆಂಡತಿ ಪಲ್ಯ ಬಡಿಸುತ್ತಿದ್ದವಳು ಕೇಳಿದಳು. "ಮುಗೀತು ಅಂದ್ರೆ? ಇನ್ನು ಫೋನ್ ಮಾಡಲ್ವಾ ಅವರು?"

"ಮಾಡಲ್ಲ."

ಅವಳು ಅವನ ತಟ್ಟೆಗೆ ಬಡಿಸುತ್ತಲೇ ಇದ್ದಳು. ಸೊಸೆ "ಅತ್ತೇ, ಸಾಕು, ಚೆಲ್ತಾ ಇದೆ," ಎಂದು ಸೌಟು ತೆಗೆದುಕೊಳ್ಳಬೇಕಾಯಿತು.

ಆಮೇಲಿನ ದಿನಗಳು ಹೇಗೆ ಹೋದವೋ ಏನೋ. ಮಗನ ಸಾಲ ಮಂಜೂರಾಯಿತು, ಹಳೇ ವ್ಯಾನೊಂದು ಬಾಗಿಲಿಗೆ ಬಂದು ನಿಂತಿತು, ಅದನ್ನು ನೋಡಲು ಅಮ್ಮ ಎದ್ದು ಬರಲಿಲ್ಲ. ತಲೆ ಬಾಚುವುದು ನಿಂತಿತು. ಅನ್ನ ಒಂದು ದಿನ ಸೀದರೆ ಇನ್ನೊಂದು ದಿನ ಬೇಯುತ್ತಿರಲಿಲ್ಲ. "ಮಾವಾ, ಅತ್ತೆ ನಿನ್ನೆಯಿಂದ ಒಂದು ಲೋಟ ಚಹಾ ಬಿಟ್ಟು ಏನೂ ಮುಟ್ಟಿಲ್ಲ. ಆ ಫೋನ್ ಮಡಿಲಲ್ಲಿ ಇಟ್ಕೊಂಡು ಕೂತಿರ್ತಾರೆ," ಎಂದಳು ಸೊಸೆ.

ಟೈಲರಪ್ಪ ಹೋಗಿ ಹೆಂಡತಿಯ ಪಕ್ಕ ಕೂತ. ಬೈಯಬೇಕೆಂದೇ ಹೋಗಿದ್ದ. ಅವಳೇ ಮೊದಲು ಬಾಯಿಬಿಟ್ಟಳು.

"ಸತ್ತಳು ಅಂತ ಬರೆದುಕೊಟ್ಟು ಬಂದ್ರಾ?"

"ಹೂಂ."

"ಆಗ ನಾನು ಏನೇನು ಹೇಳ್ತಿದ್ದೆ ಅಂತ ಗೊತ್ತಾಗಿರಬೇಕು ನಿಮಗೆ."

ಅವನು ಅವಳ ಹರಡಿದ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದ.

"ಎಲ್ಲರೂ ಬಂದು ಹೇಗೆ ಸತ್ತಳು, ಎಷ್ಟು ಹೊತ್ತಿಗೆ ಸತ್ತಳು ಅಂತ ಕೇಳ್ತಾರೆ ಕಣ್ರೀ," ಎಂದಳು, ಅಳುವೂ ಇಲ್ಲದ ಒಣ ದನಿಯಲ್ಲಿ. "ಆ ಫೋನಿನ ಹುಡುಗ ಒಬ್ಬನೇ, ಇದ್ದಾರಾ ಅಂತ ಕೇಳ್ತಿದ್ದ."

ಮರುದಿನ ಟೈಲರಪ್ಪ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದವನು ಗೋಡೆಯ ಗಡಿಯಾರ ನೋಡಿದ. ಹನ್ನೊಂದಕ್ಕೆ ಎರಡು ನಿಮಿಷ. ಕತ್ತರಿ ಕೆಳಗಿಟ್ಟು ಪಕ್ಕದ ಸೈಕಲ್ ರಿಪೇರಿಯವನ ಹತ್ತಿರ ಹೋದ. ತನ್ನ ಫೋನಿನಿಂದ ಮಾಡಿದರೆ ಹೆಸರು ಬರುತ್ತದೆ. "ಒಂದು ಕಾಲ್ ಮಾಡ್ಬೇಕಿತ್ತಪ್ಪಾ," ಎಂದು ಅವನ ಫೋನು ಇಸಿದುಕೊಂಡು, ಟೈರುಗಳ ರಾಶಿಯ ಹಿಂದೆ ನಿಂತು ಮನೆಯ ನಂಬರ್ ಒತ್ತಿದ. ಮೊದಲ ರಿಂಗಿಗೇ ಎತ್ತಿದಳು.

"ಹಲೋ?"

ಏನು ಹೇಳಬೇಕೆಂದು ಬೆಳಿಗ್ಗೆಯಿಂದ ಅಂದುಕೊಂಡಿದ್ದ. ದನಿ ಬದಲಾಯಿಸಿಕೊಳ್ಳಬೇಕೆಂದೂ ಅಂದುಕೊಂಡಿದ್ದ. ಅದೊಂದೂ ಆಗಲಿಲ್ಲ.

"ಮೇಡಂ ಮನೇಲಿ ಇದ್ದಾರಾ?"

ಮೂವತ್ತೈದು ವರ್ಷ ಸಂಸಾರ ಮಾಡಿದ ಗಂಡನ ದನಿ. ಗುರುತು ಸಿಗದೆ ಇರುತ್ತದೆಯೇ? ಈಗ ಇಟ್ಟುಬಿಡುತ್ತಾಳೆ, ಇಲ್ಲವೇ ಗೋಳೋ ಎನ್ನುತ್ತಾಳೆ ಎಂದು ಅವನು ಕಣ್ಣು ಮುಚ್ಚಿಕೊಂಡ.

"ಇಲ್ಲಪ್ಪಾ," ಎಂದಳು ಅವಳು ಮೆಲ್ಲಗೆ. "ಈಗ ತಾನೇ ಹೊರಗೆ ಹೋದ್ಲು. ಅವರಪ್ಪ ನೀಲಿ ಬಟ್ಟೆ ಹೊಲಿದು ಕೊಟ್ಟಿದ್ರು. ಅದನ್ನೇ ಹಾಕ್ಕೊಂಡು ಹೋದ್ಲು. ಕಾಲರ್ ಎಷ್ಟು ಚೆನ್ನಾಗಿ ಕೂತಿತ್ತು ಅಂತೀಯಾ. ಕತ್ತಿನ ಗುರುತು ಒಂಚೂರೂ ಕಾಣ್ತಿರಲಿಲ್ಲ."

ಟೈಲರಪ್ಪ ಫೋನನ್ನು ಇನ್ನೊಂದು ಕಿವಿಗೆ ಹಿಡಿದು, "ಸಂಜೆಗೆ ಬರ್ತಾರಾ?" ಎಂದ.

"ಬರ್ತಾಳೆ. ನೀನು ನಾಳೆ ಮಾಡಪ್ಪಾ, ಇದೇ ಹೊತ್ತಿಗೆ."

"ಮಾಡ್ತೀನಮ್ಮಾ," ಎಂದ ಟೈಲರಪ್ಪ. "ನೀವು ಊಟ ಮಾಡಿ."